'ಇತ್ತ್' ಅಂದರೆ ಇದೆ

ಧಾರವಾಡದ ಹತ್ತಿರದ ನಮ್ಮ ಹಳ್ಳಿಮನೆಗೆ ಅತ್ತಿಗೆ ಸೊಸೆಯಾಗಿ ಬಂದ ಮೊದಲ ವಾರದ ಮಾತು. ಅಣ್ಣ ಬ್ಯಾಂಕಿನ ಕೆಲಸದ ಮೇಲೆ ಕುಂದಾಪುರದಲ್ಲಿದ್ದ. ಅಲ್ಲಿಯ ಹುಡುಗಿಯನ್ನೇ ಮೆಚ್ಚಿ ಮದುವೆಯಾದ. ಒಂದು ಸಂಜೆ ಅವ್ವ ಪಡಸಾಲೆಯಿಂದಲೇ ಕೂಗಿ ಕೇಳಿದಳು: "ಏನವಾ, ಮನ್ಯಾಗ ಹಾಲ ಐತೇನು?" ಅಡುಗೆಮನೆಯಿಂದ ಉತ್ತರ ಬಂತು: "ಇತ್ತ್, ಅತ್ತೆ." ಅವ್ವ ನನ್ನ ಕೈಗೆ ತಂಬಿಗೆ ಕೊಟ್ಟು ಬಾಜೂ ಮನೆಗೆ ಅಟ್ಟಿದಳು. ಹಾಲು ತಂದು ಒಳಗೆ ಹೋದರೆ ಒಲೆಯ ಪಕ್ಕದಲ್ಲಿ ಪಾತ್ರೆ ತುಂಬ ಹಾಲು. ಅತ್ತಿಗೆ ನನ್ನ ಕೈಯ ತಂಬಿಗೆ ನೋಡಿದರು, ನಾನು ಪಾತ್ರೆ ನೋಡಿದೆ. ಯಾರ ತಪ್ಪೂ ಇರಲಿಲ್ಲ. ಕುಂದಾಪುರದ ಕನ್ನಡದಲ್ಲಿ 'ಇತ್ತ್' ಅಂದರೆ ಈಗ ಇದೆ ಎಂದು. ನಮ್ಮ ಕಡೆ 'ಇತ್ತು' ಅಂದರೆ ಇತ್ತು, ಈಗ ತೀರಿದೆ.

ಅವರನ್ನು ಇಲ್ಲಿ 'ಅತ್ತಿಗೆ' ಎಂದು ಬರೆಯುತ್ತಿದ್ದೇನೆ. ಮನೆಯಲ್ಲಿ ಕರೆಯುವುದು 'ವೈನಿ' ಎಂದು. ಈ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಬಾಯಿ ತೆರೆದು ಅತ್ತಿಗೆ ಅಂದವನಲ್ಲ. ಆದರೆ ಕಾಗದದ ಮೇಲೆ ಪೆನ್ನು ಇಟ್ಟೊಡನೆ ಕೈ ತಾನಾಗಿ ಆ ಪದಕ್ಕೆ ಹೋಯಿತು. ಹಾಗೆ ಹೋಗುವುದು ಯಾಕೆ ಎಂಬುದೇ ಇವತ್ತು ನನ್ನನ್ನು ಕಾಡಿದ ವಿಷಯ.

ನಾಡಿನಲ್ಲಿ ಹಲವು ಕನ್ನಡಗಳಿವೆ ಎಂಬುದು ಹೊಸ ಮಾತಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಕನ್ನಡವನ್ನು ಬಹುವಚನದಲ್ಲಿ ಹೇಳುತ್ತದೆ. ದೇಸಿಯ ಬಗೆಗಳು ಬೇರೆ ಬೇರೆಯಾಗಿರುವುದರಿಂದ ವಾಸುಕಿಗೂ ಅವು ತಿಳಿಯದೆ ಬೇಸರವಾದೀತು ಎನ್ನುತ್ತದೆ. ಮೈಸೂರಿನವರ 'ಇದೆ', ಮಂಡ್ಯದ ಹಳ್ಳಿಯ 'ಐತೆ', ನಮ್ಮ 'ಐತಿ', ಕಲಬುರಗಿಯ 'ಅದ', ಮಂಗಳೂರಿನ 'ಉಂಟು', ಕುಂದಾಪುರದ 'ಇತ್ತ್'. ಇಷ್ಟೂ ಒಂದೇ ಮಾತು. ಇದನ್ನು ನಾವು ನಕ್ಷೆಯ ಹಾಗೆ ನೋಡುತ್ತೇವೆ: ಈ ಜಿಲ್ಲೆಗೆ ಈ ಮಾತು, ಆ ಜಿಲ್ಲೆಗೆ ಆ ಮಾತು. ಆದರೆ ಆ ನಕ್ಷೆಯ ಎರಡು ಮೂರು ಜಿಲ್ಲೆಗಳು ಒಬ್ಬರದೇ ನಾಲಿಗೆಯ ಮೇಲೆ ಇರುತ್ತವೆ. ಅದನ್ನು ನಾನು ಕಂಡದ್ದು ನಮ್ಮ ಹಿತ್ತಲಿನಲ್ಲಿ.

ಆಗ ಮನೆಗೆ ಫೋನು ಬಂದ ಹೊಸದು. ತವರಿನಿಂದ ಕರೆ ಬಂದರೆ ಅತ್ತಿಗೆ ಪಡಸಾಲೆಯಲ್ಲಿ ನಿಂತೇ ಎರಡು ಮಾತು ಆಡಿ ಇಟ್ಟುಬಿಡುತ್ತಿದ್ದರು. ಮೊಬೈಲು ಬಂದ ಮೇಲೆ ಅದನ್ನು ಹಿಡಿದು ಹಿತ್ತಲ ಬಾಗಿಲಿಗೆ ಹೋಗುವುದು ರೂಢಿಯಾಯಿತು. ಹೊಸ್ತಿಲು ದಾಟುವವರೆಗೆ "ಒಲಿ ಮ್ಯಾಲ ಸಾರ ಐತಿ, ನೋಡ್ರಿ" ಎನ್ನುತ್ತಿದ್ದವರು, ದಾಟಿದ ಮರುಗಳಿಗೆ "ಯಾವತ್ತ್ ಬಪ್ಪುದ್?" ಎಂದು ಕೇಳುತ್ತಿದ್ದರು. ಬರೀ ಪದ ಬದಲಾಗುತ್ತಿರಲಿಲ್ಲ. ದನಿ ಏರುವ ಇಳಿಯುವ ರೀತಿ, ನಗುವ ರೀತಿ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ಬದಲಾಗುತ್ತಿತ್ತು. ನಮ್ಮ ಮನೆಯಲ್ಲಿ ಅಳೆದು ಮಾತಾಡುವ ಹೆಂಗಸು ಅಲ್ಲಿ, ತೆಂಗಿನ ಮರದ ಬುಡದಲ್ಲಿ, ಗಳಗಳ ಮಾತಾಡುತ್ತಿದ್ದರು.

'ಬಪ್ಪುದು', 'ಹೋಪುದು', 'ತಿಂಬುದು', 'ಕಾಂಬುದು' ಎನ್ನುವ ಅವರ ಮಾತನ್ನು ನಮ್ಮೂರಿನ ಮಕ್ಕಳು ಆಗ ಅಣಕಿಸುತ್ತಿದ್ದರು. ನಾನೂ ಅಣಕಿಸಿದ್ದೇನೆ. ಕಾಲೇಜಿಗೆ ಹೋಗಿ ಹಳಗನ್ನಡ ಓದುವಾಗ 'ಬರ್ಪ', 'ತಿಂಬ', 'ಕಾಣ್ಬ' ಎಂಬ ರೂಪಗಳು ಎದುರಾದವು. ನಾವು ಪುಸ್ತಕ ತೆರೆದು, ಟಿಪ್ಪಣಿ ನೋಡಿ, ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಿದ್ದ ರೂಪಗಳ ಬಳ್ಳಿಯನ್ನು ಅತ್ತಿಗೆ ಹಿತ್ತಲಲ್ಲಿ ನಿಂತು ತಮ್ಮ ತಂಗಿಯ ಜೊತೆ ದಿನವೂ ಆಡುತ್ತಿದ್ದರು. ಆ ಸಲ ರಜೆಗೆ ಊರಿಗೆ ಹೋದವನು ಅವರಿಗೆ ಇದನ್ನು ಹೇಳಿದೆ. ಅವರು ನಂಬಲಿಲ್ಲ. "ನಮ್ಮದು ಹಳ್ಳಿ ಮಾತು" ಅಂದರು.

ಒಬ್ಬ ವ್ಯಕ್ತಿಯ ಮಾತಿಗೆ ಭಾಷಾಶಾಸ್ತ್ರದವರು 'ವ್ಯಕ್ತಿಭಾಷೆ' ಎಂದು ಹೆಸರಿಟ್ಟಿದ್ದಾರೆ. ಈ ಪರಿಕಲ್ಪನೆಯನ್ನು 1948ರಲ್ಲಿ ಅಮೆರಿಕದ ಬರ್ನಾರ್ಡ್ ಬ್ಲಾಕ್ ವಿವರಿಸಿದರು. ಆ ವಿವರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಷರತ್ತು. ಒಬ್ಬ ಮನುಷ್ಯನ ಮಾತು ಎಂದಷ್ಟೇ ಅವರು ಹೇಳಿ ಬಿಡಲಿಲ್ಲ. ಒಬ್ಬ ಮನುಷ್ಯ, ಒಂದು ಕಾಲದಲ್ಲಿ, ಇನ್ನೊಬ್ಬನೇ ಒಬ್ಬನ ಜೊತೆ ಆಡಬಹುದಾದ ಮಾತು ಎಂದರು. ಅಂದರೆ ಕೇಳುವವರು ಬದಲಾದರೆ ವ್ಯಕ್ತಿಭಾಷೆಯೂ ಬದಲಾದೀತು. ಒಬ್ಬರಿಗೆ ಹಲವು ವ್ಯಕ್ತಿಭಾಷೆಗಳಿರಬಹುದು. ಭಾಷೆಯನ್ನು ಒಡೆಯುತ್ತಾ ಒಡೆಯುತ್ತಾ ಅದರ ಕಟ್ಟಕಡೆಯ ಚೂರಿಗೆ ಬಂದು ನೋಡಿದಾಗಲೂ ಅಲ್ಲಿ ಒಂಟಿ ಮನುಷ್ಯ ಸಿಗಲಿಲ್ಲ. ಇಬ್ಬರು ಸಿಕ್ಕರು, ಒಬ್ಬ ಆಡುವವ, ಒಬ್ಬ ಕೇಳುವವ.

ಇದನ್ನು ಅಂಗಡಿಯಲ್ಲಿ ನಿಂತು ತೋರಿಸಿಕೊಟ್ಟವರು ವಿಲಿಯಂ ಲಬೋವ್. 1962ರಲ್ಲಿ ಅವರು ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳಿಗೆ ಹೋದರು. ಒಂದು ಸಿರಿವಂತರದು, ಒಂದು ನಡುವಿನವರದು, ಒಂದು ಬಡವರದು. ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಯಾವುದು ಎಂದು ಮೊದಲೇ ತಿಳಿದುಕೊಂಡು, ಅದು ಎಲ್ಲಿದೆ ಎಂದು ಕೆಲಸಗಾರರನ್ನು ಕೇಳಿದರು. 'ಫೋರ್ತ್ ಫ್ಲೋರ್' ಎಂಬ ಉತ್ತರ ಬರಲೇಬೇಕು. ಆ ಎರಡು ಪದಗಳಲ್ಲಿ 'ರ್' ಕೇಳಿಸುತ್ತದೆಯೇ ಇಲ್ಲವೇ ಎಂಬುದಷ್ಟೇ ಅವರಿಗೆ ಬೇಕಿತ್ತು. ಉತ್ತರ ಬಂದ ಮೇಲೆ, ಕೇಳಿಸಲಿಲ್ಲವೆಂಬಂತೆ ಕಿವಿಗೊಟ್ಟು ಇನ್ನೊಮ್ಮೆ ಕೇಳುತ್ತಿದ್ದರು. 264 ಜನರನ್ನು ಹೀಗೆ ಮಾತಾಡಿಸಿದರು. ಮಳಿಗೆಯಿಂದ ಮಳಿಗೆಗೆ 'ರ್' ವ್ಯತ್ಯಾಸವಾದದ್ದು ಒಂದು ಸಂಗತಿ. ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು: ಅದೇ ಮನುಷ್ಯ, ಅದೇ ಜಾಗದಲ್ಲಿ, ಅರೆನಿಮಿಷದ ಅಂತರದಲ್ಲಿ, ಮೊದಲ ಸಲ ಬಿಟ್ಟ 'ರ್' ಅನ್ನು ಎರಡನೆಯ ಸಲ ಎಚ್ಚರದಿಂದ ಉಚ್ಚರಿಸಿದ ಉದಾಹರಣೆಗಳು. ನಡುವಿನ ಮಳಿಗೆಯವರಲ್ಲಿ ಈ ಎಚ್ಚರ ಎದ್ದು ಕಾಣುತ್ತಿತ್ತು. ಇನ್ನೊಬ್ಬರು ನಮ್ಮನ್ನು ಗಮನಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ನಾಲಿಗೆ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತದೆ.

ನನಗೆ ಇದು ಗೊತ್ತು. ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ನನ್ನ 'ಐತಿ'ಗೆ ಸುತ್ತಲಿನವರು ನಕ್ಕರು. ಕೆಟ್ಟ ಮನಸ್ಸಿನ ನಗೆ ಅಲ್ಲ, ಆದರೂ ನಗೆ. ನಾನು ಮೂರು ತಿಂಗಳಲ್ಲಿ 'ಇದೆ' ಕಲಿತೆ, 'ಬರ್ತೀನಿ' ಕಲಿತೆ, 'ಮಾಡಾಕತ್ತೀನಿ' ಬಿಟ್ಟು 'ಮಾಡ್ತಾ ಇದೀನಿ' ಹಿಡಿದೆ. ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅವ್ವನ ಫೋನು ಬಂತು. "ಹೇಳಮ್ಮ, ಊಟ ಆಯ್ತು, ಚೆನ್ನಾಗಿದೀನಿ" ಅಂದೆ. ಅವ್ವ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಯಾರರ ಬಾಜೂಕ ಅದಾರೇನು?"

ನಾಲ್ಕನೇ ತರಗತಿ ದಾಟದ ನನ್ನ ಅವ್ವನಿಗೆ ಬ್ಲಾಕ್ ಗೊತ್ತಿಲ್ಲ, ಲಬೋವ್ ಗೊತ್ತಿಲ್ಲ. ನಾನೂರು ಕಿಲೋಮೀಟರ್ ದೂರದಿಂದ, ಮಗನ ಬಾಯಿಂದ ಬಂದ ಒಂದು 'ಅಮ್ಮ', ಒಂದು 'ಇದೀನಿ' ಕೇಳಿ, ಮಗ ಒಬ್ಬನೇ ಇಲ್ಲ, ಪಕ್ಕದಲ್ಲಿ ಯಾರೋ ಇದ್ದಾರೆ, ಅವರು ನಮ್ಮವರಲ್ಲ ಎಂದು ಅವಳು ಲೆಕ್ಕ ಹಾಕಿದಳು. ನಾನು ಎದ್ದು ಮೆಟ್ಟಿಲ ಹತ್ತಿರ ಹೋದೆ. "ಇಲ್ಲಬೇ ಯವ್ವಾ, ಹೇಳ" ಅಂದೆ. ಅವಳ ದನಿ ಮೊದಲಿನಂತಾಯಿತು. ಅವತ್ತು ನಾನು ನಿಂತ ಮೆಟ್ಟಿಲು ಅತ್ತಿಗೆಯ ಹಿತ್ತಲ ಬಾಗಿಲೇ ಆಗಿತ್ತು ಎಂದು ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಹೀಗೆ ಮಾತು ಬದಲಿಸುವವರನ್ನು ಜನ ಸೋಗಿನವರು ಎನ್ನುತ್ತಾರೆ. ಊರಿಗೆ ಹೋದರೆ 'ಬೆಂಗಳೂರು ಮಾತು ಕಲಿತಾನ' ಎನ್ನುತ್ತಾರೆ, ಬೆಂಗಳೂರಿನಲ್ಲಿ 'ಹುಬ್ಬಳ್ಳಿ ಕಡೆಯವನು' ಎನ್ನುತ್ತಾರೆ. ಎರಡೂ ಕಡೆ ಹೊರಗಿನವನಾಗುವ ಸಂಕಟ ಇದರಲ್ಲಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಸೋಗು ಎಂಬ ಮಾತನ್ನು ಒಪ್ಪಲಾರೆ. ಕೇಳುವವನ ಕಡೆ ಒಂದು ಹೆಜ್ಜೆ ನಡೆದು ಹೋಗಿ ಮಾತಾಡುವುದು ಮರ್ಯಾದೆ. ಗದ್ದೆಯಲ್ಲಿ ಆಳಿನ ಜೊತೆ, ಮಠದಲ್ಲಿ ಅಜ್ಜಾರ ಜೊತೆ, ಸಂತೆಯಲ್ಲಿ ಬಳೆಗಾರನ ಜೊತೆ ನಮ್ಮ ಅಪ್ಪ ಆಡುತ್ತಿದ್ದದ್ದು ಮೂರು ಬಗೆಯ ಕನ್ನಡ. ಅವನನ್ನು ಯಾರೂ ಸೋಗಿನವನು ಅನ್ನಲಿಲ್ಲ. ಮಾತು ಬಲ್ಲವ ಅಂದರು.

ಇಲ್ಲಿ ಜಾತಿಯ ಮಾತು ಬಿಟ್ಟರೆ ಬರಹ ಸುಳ್ಳಾಗುತ್ತದೆ. ಧಾರವಾಡದಲ್ಲಿ ಬ್ರಾಹ್ಮಣರ ಮನೆಗಳಲ್ಲಿ 'ಅದ', ಉಳಿದ ಬಹುಪಾಲು ಮನೆಗಳಲ್ಲಿ 'ಐತಿ'. ಕಲಬುರಗಿಗೆ ಹೋದರೆ ಈ ಗೆರೆ ಅಳಿಸುತ್ತದೆ, ಅಲ್ಲಿ ಎಲ್ಲರೂ 'ಅದ' ಎನ್ನುತ್ತಾರೆ. ಧಾರವಾಡ ಕನ್ನಡದ ಈ ಸಾಮಾಜಿಕ ಪದರಗಳನ್ನು ವಿಲಿಯಂ ಮೆಕ್ಕಾರ್ಮಕ್ ಎಂಬ ವಿದ್ವಾಂಸರು 1960ರಷ್ಟು ಹಿಂದೆಯೇ ಬರೆದು ದಾಖಲಿಸಿದ್ದಾರೆ. ಕಾಲೇಜಿಗೆಂದು ಪೇಟೆಗೆ ಹೋದಾಗ ನನ್ನ ಜೊತೆಯ ಹಳ್ಳಿ ಹುಡುಗರಲ್ಲಿ ಕೆಲವರು ತರಗತಿಯಲ್ಲಿ ಎದ್ದು ನಿಂತಾಗ ಮಾತ್ರ 'ಅದ' ಎನ್ನುತ್ತಿದ್ದರು, ಹಾಸ್ಟೆಲಿಗೆ ಬಂದು 'ಐತಿ' ಎನ್ನುತ್ತಿದ್ದರು. ಅದು ಮರ್ಯಾದೆಯ ಹೆಜ್ಜೆ ಆಗಿರಲಿಲ್ಲ, ಅಂಜಿಕೆಯದಾಗಿತ್ತು. ಒಬ್ಬರ ಬಾಯಲ್ಲಿ ಮಾತು ಬದಲಾಗುವುದು ಪ್ರೀತಿಯಿಂದಲೂ ಆಗುತ್ತದೆ, ಭಯದಿಂದಲೂ ಆಗುತ್ತದೆ. ಹೊರಗಿನಿಂದ ಕೇಳುವವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಆಡುವವನಿಗೆ ಮಾತ್ರ ವ್ಯತ್ಯಾಸ ಗೊತ್ತು.

ನಾಲಿಗೆ ಎಷ್ಟು ಹಿಗ್ಗಬಲ್ಲದು ಎಂಬುದಕ್ಕೆ ನಮ್ಮ ಬೆಳಗಾವಿಯ ಗಡಿಯಾಚೆ, ಸಾಂಗ್ಲಿ ಜಿಲ್ಲೆಯಲ್ಲಿ, ಕುಪ್ವಾಡ ಎಂಬ ಊರಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಈ ಊರಿನ ಬಗ್ಗೆ ಬರೆದರು. ಅಲ್ಲಿಯ ಜೈನ ಒಕ್ಕಲಿಗರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಉಳಿದ ಕೆಲವರದು ಮರಾಠಿ. ತಲೆತಲಾಂತರದಿಂದ ಒಬ್ಬೊಬ್ಬರೂ ಎರಡು ಮೂರು ಭಾಷೆ ಆಡುತ್ತಾ ಬಂದು, ಕೊನೆಗೆ ಮೂರೂ ಭಾಷೆಗಳ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತು. ಪುಣೆಯ ಮರಾಠಿಯಲ್ಲಿ ನದಿ ಸ್ತ್ರೀಲಿಂಗ, ಈ ಊರಿನ ಮರಾಠಿಯಲ್ಲಿ ಕನ್ನಡದಂತೆ ನಪುಂಸಕಲಿಂಗ. ಪದವೊಂದನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಸಾಕು, ಭಾಷೆ ಬದಲಾಗುತ್ತದೆ. ನನ್ನನ್ನು ತಟ್ಟಿದ್ದು ಇದರ ಮುಂದಿನ ಭಾಗ. ಅಷ್ಟು ಬೆರೆತರೂ ಯಾರೂ ತಮ್ಮ ಮನೆಯ ಪದಗಳನ್ನು ಬಿಡಲಿಲ್ಲ. ಬೀದಿಯಲ್ಲಿ ಇನ್ನೊಬ್ಬರ ಭಾಷೆ, ಮನೆಯೊಳಗೆ ತಮ್ಮದು. ಹೊಸ್ತಿಲು ಇದ್ದುದರಿಂದ ಎರಡೂ ಉಳಿದವು.

ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ತಮ್ಮ ಬಾಲ್ಯದ ಮನೆಯನ್ನು ಇದೇ ರೀತಿ ನೆನೆಯುತ್ತಿದ್ದರು. ಕೆಳಗೆ ಅಡುಗೆಮನೆಯಲ್ಲಿ ತಾಯಿಯ ಜೊತೆ ತಮಿಳು, ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯ ಜೊತೆ ಇಂಗ್ಲಿಷು, ಬೀದಿಯಲ್ಲಿ ಗೆಳೆಯರ ಜೊತೆ ಕನ್ನಡ. ಮುಂದೆ ಅವರು ಮೂರರಲ್ಲೂ ದುಡಿದರು. ಭಾಷಾಶಾಸ್ತ್ರಜ್ಞರಾಗಿ ವಿಲಿಯಂ ಬ್ರೈಟ್ ಅವರ ಜೊತೆ ಸೇರಿ ಜಾತಿಯಿಂದ ಜಾತಿಗೆ ಮಾತು ಹೇಗೆ ಬೇರೆಯಾಗುತ್ತದೆ ಎಂದು ಬರೆದದ್ದೂ ಆ ಮನೆಯ ಮೆಟ್ಟಿಲು ಹತ್ತಿ ಇಳಿದ ಹುಡುಗನೇ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆ ಧಾರವಾಡದ ಬೀದಿಗನ್ನಡವನ್ನು ಕಾವ್ಯಕ್ಕೆ ತಂದರು. ಮನೆಯಲ್ಲಿ ತಮಿಳು ಆಡುತ್ತಿದ್ದ ಮಾಸ್ತಿ ಕನ್ನಡದ ಸಣ್ಣಕತೆಗೆ ದಾರಿ ಹಾಕಿದರು. ಕನ್ನಡದ ದೊಡ್ಡವರಲ್ಲಿ ಎಷ್ಟೋ ಜನ ಒಂದೇ ನಾಲಿಗೆಯವರಲ್ಲ.

ಇನ್ನು ವಯಸ್ಸು. ಕೇಳುವವರಿಗೆ ತಕ್ಕಂತೆ ಗಳಿಗೆಗೊಮ್ಮೆ ಬದಲಾಗುವುದು ಒಂದಾದರೆ, ನಮಗೇ ತಿಳಿಯದೆ ಹತ್ತಾರು ವರ್ಷಗಳಲ್ಲಿ ಬದಲಾಗುವುದು ಇನ್ನೊಂದು. ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಪ್ರತಿ ಕ್ರಿಸ್‌ಮಸ್ಸಿಗೆ ಮಾಡುತ್ತಿದ್ದ ಭಾಷಣಗಳ ಧ್ವನಿಮುದ್ರಣವನ್ನು ಜೊನಾಥನ್ ಹ್ಯಾರಿಂಗ್ಟನ್ ಮತ್ತು ಸಂಗಡಿಗರು ಅಳೆದು ನೋಡಿ 2000ದಲ್ಲಿ ಪ್ರಕಟಿಸಿದರು. 1950ರ ದಶಕದ ರಾಣಿಯ ಸ್ವರಗಳಿಗೂ 1980ರ ದಶಕದ ಸ್ವರಗಳಿಗೂ ವ್ಯತ್ಯಾಸವಿತ್ತು. ಅವು ಅರಮನೆಯ ಹೊರಗಿನ, ತನಗಿಂತ ಕಿರಿಯ ಜನರ ಉಚ್ಚಾರದ ಕಡೆಗೆ ಸರಿದಿದ್ದವು. ತಿದ್ದುವವರು ಯಾರೂ ಇಲ್ಲದ ಹೆಂಗಸು. ಆದರೂ ಸುತ್ತಲಿನ ಗಾಳಿ ಅವರ ನಾಲಿಗೆಯನ್ನು ತಟ್ಟಿತು.

ಅತ್ತಿಗೆಗೂ ಹಾಗೇ ಆಯಿತು. ಮೂವತ್ತು ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಬಡಿದು, ನಮ್ಮ ಕೇರಿಯ ಬಾಣಂತನಗಳಿಗೆ ಹೋಗಿ, ನಮ್ಮ ಅವ್ವನ ಸೊಂಟನೋವಿಗೆ ಎಣ್ಣೆ ತಿಕ್ಕಿ, ಅವರು ಈಗ 'ಹೌದಲ್ರಿ' ಅಂದರೆ ಹುಟ್ಟಾ ಧಾರವಾಡದವರು ಅಂದಂತೆಯೇ. ಪದಗಳು ಮೊದಲ ವರ್ಷದಲ್ಲೇ ಬಂದವು. ಕ್ರಿಯಾಪದದ ಬಾಲಗಳು ಬರಲು ಎರಡು ಮೂರು ವರ್ಷ ಹಿಡಿಯಿತು. ಮಾತಿನ ರಾಗ ಎಲ್ಲಕ್ಕಿಂತ ಕೊನೆಗೆ ಬಂತು. ಈಗ ತವರಿಗೆ ಹೋದರೆ ಅಲ್ಲಿಯವರು ಅವರನ್ನು 'ಘಟ್ಟದ ಮೇಲಿನವಳಾದೆ' ಎನ್ನುತ್ತಾರಂತೆ. ಆದರೂ ಕೆಲವು ಜಾಗಗಳಿಗೆ ನಮ್ಮ ಮಾತು ಇಂದಿಗೂ ಹೋಗಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕುವಾಗ ತುಟಿ ಅಲುಗುವುದು ಕುಂದಾಪುರದಲ್ಲಿ. ಕೈ ಸುಟ್ಟುಕೊಂಡಾಗ ಬಾಯಿಗೆ ಬರುವುದು ಕುಂದಾಪುರ. ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾಗಿ ಮಂಪರಿನಿಂದ ಏಳುವಾಗ ಅವರು ಅರ್ಧ ಗಂಟೆ ಆಡಿದ್ದೆಲ್ಲ ತವರಿನ ಮಾತು. ಪಕ್ಕದಲ್ಲಿ ಕೂತ ಮಗಳಿಗೆ ಅದರಲ್ಲಿ ಅರ್ಧ ತಿಳಿಯಲಿಲ್ಲ. "ಅಮ್ಮ ಏನೋ ಬೇಕು ಅಂತಾರ, ಏನಂತ ಗೊತ್ತಾಗವಲ್ದು ಕಾಕಾ" ಎಂದು ಆಸ್ಪತ್ರೆಯಿಂದ ನನಗೆ ಫೋನು ಮಾಡಿದಳು. ಅವರು ಕೇಳುತ್ತಿದ್ದದ್ದು ನೀರು. 'ನೀರು' ಎಂಬ ಪದ ಎರಡೂ ಕಡೆ ಒಂದೇ. ಅದರ ಮುಂದಿನ 'ಕುಡಿಕ್' ಎಂಬುದು ಮಗಳಿಗೆ ಹೊಳೆಯಲಿಲ್ಲ. ಕುಡಿಯಬೇಕು ಎಂದು ಅದರ ಅರ್ಥ.

ಆ ಫೋನು ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಾಯಿಯ ಎರಡು ಕನ್ನಡಗಳಲ್ಲಿ ಒಂದನ್ನಷ್ಟೇ ನಾವು ಮಕ್ಕಳಿಗೆ ಕೊಟ್ಟಿದ್ದೆವು. ಇನ್ನೊಂದನ್ನು ಹಿತ್ತಲಲ್ಲೇ ಬಿಟ್ಟಿದ್ದೆವು. ಅತ್ತಿಗೆಯನ್ನು ಯಾರೂ ಬೈದು ತಡೆದಿರಲಿಲ್ಲ. ಮಕ್ಕಳೆದುರು ಆ ಮಾತು ಆಡಿದಾಗ ನಾವು ನಕ್ಕಿದ್ದೆವು, ಅಷ್ಟೇ. ಅಷ್ಟು ಸಾಕಾಯಿತು. ಬೆಂಗಳೂರಿನಲ್ಲಿ ನನ್ನ 'ಐತಿ'ಗೆ ನಕ್ಕವರನ್ನು ನಾನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆ. ಅದೇ ನಗೆಯನ್ನು ನಾನು ನಮ್ಮ ಪಡಸಾಲೆಯಲ್ಲಿ ನಕ್ಕಿದ್ದು ಮರೆತಿದ್ದೆ.

ಶಾಲೆಯಲ್ಲಿ ಬರಹದ ಕನ್ನಡ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಕುಂದಾಪುರದ ಹುಡುಗಿಯೂ ಬೀದರಿನ ಹುಡುಗನೂ ಒಂದೇ ಪತ್ರಿಕೆ ಓದುವುದು ಅದರಿಂದಲೇ. ಆದರೆ ಅದನ್ನು ಕಲಿಸುವುದಕ್ಕೆ ಮಗುವಿನ ಬಾಯಲ್ಲಿರುವುದನ್ನು ಕಿತ್ತು ಹಾಕಬೇಕಿಲ್ಲ. ಮೈಸೂರು ಸೀಮೆಯ ಹಳ್ಳಿಯ ಮಗು 'ಆಲು' ಅಂದರೆ, 'ಹಾಲು' ಎಂದು ಬರೆಯುವುದನ್ನು ಹೇಳಿಕೊಡಿ, ಆದರೆ ಅದರ ಅಜ್ಜಿ ಕೊಟ್ಟ ಆಲನ್ನು ತಪ್ಪು ಅನ್ನಬೇಡಿ. ಒಂದು ಮನೆಗೆ ಎರಡು ಬಾಗಿಲಿರುವ ಹಾಗೆ ಮಗುವಿಗೆ ಎರಡೂ ಮಾತು ಇರಲಿ.

ಅತ್ತಿಗೆಯ ತಾಯಿ ಹೋಗಿ ಕೆಲವು ವರ್ಷವಾಯಿತು. ತಮ್ಮ ಮುಂಬಯಿಯಲ್ಲಿ ಹೋಟೆಲು ಇಟ್ಟುಕೊಂಡಿದ್ದಾನೆ, ಮಾತಾಡುವುದು ಅಪರೂಪ. ಈಗ ಅವರು ಆ ಕನ್ನಡ ಆಡುವುದು ಒಬ್ಬಳೇ ತಂಗಿಯ ಜೊತೆ, ಭಾನುವಾರ ಸಂಜೆ. ಕಳೆದ ತಿಂಗಳು ಊರಿಗೆ ಹೋದಾಗ ನಾನು, "ವೈನಿ, ಇವತ್ತ ಫೋನ್ ಬಂದ್ರ ಹಿತ್ತಲಕ ಹೋಗಬ್ಯಾಡ್ರಿ, ಇಲ್ಲೇ ಕುಂತು ಮಾತಾಡ್ರಿ" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಫೋನು ಬಂದಾಗ ಅರ್ಧ ಎದ್ದವರು ಮತ್ತೆ ಕೂತರು. ಮಗಳು ಪಕ್ಕದಲ್ಲಿ ಅವರೆಬೀಜ ಸುಲಿಯುತ್ತಾ ಕೇಳುತ್ತಿದ್ದಳು.

ನಿಮ್ಮ ಮನೆಯಲ್ಲೂ ಬೇರೆ ಸೀಮೆಯಿಂದ ಬಂದ ಒಬ್ಬ ತಾಯಿ, ಒಬ್ಬ ಅಜ್ಜಿ, ಒಬ್ಬ ಸೊಸೆ ಇರಬಹುದು. ಅವರ ತವರಿನಿಂದ ಇವತ್ತು ಫೋನು ಬಂದರೆ ಅವರನ್ನು ಎದ್ದು ಹೋಗಲು ಬಿಡಬೇಡಿ. ಟಿವಿಯ ಸದ್ದು ತಗ್ಗಿಸಿ, ಮಕ್ಕಳನ್ನು ಹತ್ತಿರ ಕೂರಿಸಿ.